ಸುಣ್ಣದ ಮೂರು ಗೆರೆಯ ಇಪ್ಪತ್ತು ಗೊನೆ

ನಾನು ದತ್ತಪ್ಪ ತಂದೆ ಮಲ್ಲಣ್ಣ, ವಯಸ್ಸು ಅರವತ್ತೊಂದು, ಉದ್ಯೋಗ ಬಾಳೆತೋಟ, ಸ್ವಂತ ಊರು ಕಮಲಾಪುರ, ಸದ್ಯ ವಾಸ ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿರುವ ಮಗಳು ಸಾವಿತ್ರಿಬಾಯಿಯ ಮನೆ. ಇಂದು ಶನಿವಾರ ತಾರೀಖು 27-10-1951ರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಕಮಲಾಪುರ ಠಾಣೆಗೆ ಯಾರೂ ಕರೆಯದೆ ನಾನಾಗಿಯೇ ಹಾಜರಾಗಿ ಈ ಮೂಲಕ ಅರಿಕೆ ಮಾಡಿಕೊಂಡು ತಿಳಿಸುವುದೇನೆಂದರೆ:

ಠಾಣೆಯ ಮುನ್ಷಿಯವರಿಗೆ ಉರ್ದು ಬರಹ ಮಾತ್ರ ಬರುವುದರಿಂದ, ಇಲ್ಲಿನ ಮುಖ್ಯ ಅಧಿಕಾರಿ ಅಮೀನ ಸಾಹೇಬರ ಅಪ್ಪಣೆ ಪಡೆದು ಈ ಹೇಳಿಕೆಯನ್ನು ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ. ನಾನು ಶಾಲೆಗೆ ಹೋದವನಲ್ಲ. ನೆಂಟರಿಷ್ಟರಿಗೆ ಪತ್ರ ಬರೆದು ಬರೆದು ಕೂಡಿದ ಅಕ್ಷರ ಇದು. ಸರ್ಕಾರಿ ರೀತಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಯಾರು ಏನು ಅಂದರೋ ಅದನ್ನು ಅಂದ ಹಾಗೆಯೇ ಬರೆಯಬೇಕೆಂದು ಸಾಹೇಬರು ಹೇಳಿದ್ದಾರೆ.

ಕಮಲಾಪುರದಿಂದ ಕಲಬುರಗಿ ಕಡೆಗೆ ಒಂದು ಮೈಲು ಹೋದರೆ ಸಡಕಿನ ಎಡಕ್ಕೆ ನಾಲ್ಕು ಎಕರೆ ಕೆಂಬಾಳೆಯ ತೋಟವಿದೆ. ಇದನ್ನು ಏಳು ವರ್ಷದ ಹಿಂದೆ ನಾನೂ ನನ್ನ ಗೆಳೆಯ ಜಹೀರುದ್ದೀನನೂ ಜಂಟಿಯಾಗಿ ಕೊಂಡೆವು. ಕೈಯಲ್ಲಿದ್ದ ಹಣ ಸಾಲದ್ದರಿಂದ ತೋಟವನ್ನೇ ಕಲಬುರಗಿಯ ಹಣ್ಣಿನ ವ್ಯಾಪಾರಿ ದೇವೀಂದ್ರಪ್ಪ ಸಾಹುಕಾರರಲ್ಲಿ ಅಡವಿಟ್ಟೆವು. ಕರಾರಿನ ಪ್ರಕಾರ ಯುಗಾದಿಗೆ, ಶ್ರಾವಣಕ್ಕೆ, ದೀಪಾವಳಿಗೆ ಹೀಗೆ ವರ್ಷಕ್ಕೆ ಮೂರು ಸಲ ಒಬ್ಬೊಬ್ಬ ಪಾಲುದಾರ ಇಪ್ಪತ್ತು ಗೊನೆ ಒಪ್ಪಿಸಬೇಕು. ಒಂದರ ಹಿಂದೊಂದು ಎರಡು ಸಲ ತಪ್ಪಿಸಿದವನ ಅರ್ಧ ತೋಟ ಸಾಹುಕಾರರಿಗೆ ಸೇರುತ್ತದೆ. ಗೊನೆ ಯಾರದೆಂದು ತಿಳಿಯಲು ದಿಂಡಿನ ಮೇಲೆ ಗುರುತು ಹಾಕುತ್ತೇವೆ. ನನ್ನದು ಸುಣ್ಣದ ಮೂರು ಗೆರೆ, ಜಹೀರುದ್ದೀನನ ಮನೆಯವರದು ಕಾವಿಯ ಒಂದು ಬೊಟ್ಟು.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಗೆ ಒಂದು ವರ್ಷ ಮೊದಲು ಜಹೀರುದ್ದೀನ ಜ್ವರದಲ್ಲಿ ತೀರಿಕೊಂಡ. ಆತನ ಪಾಲು ಹೆಂಡತಿ ಲತೀಫಾಳ ಹೆಸರಿಗೆ ಬಂತು. ಕಾರ್ಯಾಚರಣೆ ಮುಗಿದ ಮೇಲೆ ಆಕೆಯ ಅಣ್ಣಂದಿರು ಬಂದು, ಇಲ್ಲಿ ಒಬ್ಬಳೇ ಇರಬೇಡ, ಹೈದರಾಬಾದಿಗೆ ನಡೆ ಎಂದು ಕರೆದರು. ಆಕೆ, “ಬಾಳಿಗಿಡ ಗಂಟು ಕಟ್ಕೊಂಡು ಬರ್ಲಿಕ್ಕ ಆಗ್ತದೇನು ಭಾಯಿ?” ಎಂದು ಕೇಳಿ ಚಹಾ ಕುಡಿಸಿ ಕಳಿಸಿದಳು. ಅಂದಿನಿಂದ ತನ್ನ ಪಾಲನ್ನು ತಾನೇ ದುಡಿಯುತ್ತಿದ್ದಾಳೆ. ನನ್ನನ್ನು ದತ್ತಣ್ಣ ಎನ್ನುತ್ತಾಳೆ.

ಹೋದ ವರ್ಷ ದೀಪಾವಳಿಯಾದ ಮೂರನೆಯ ದಿನ ಬಾವಿಯ ಗಾಲಿಗೆ ಎಣ್ಣೆ ಹಾಕುವಾಗ ನಾನು ಜಾರಿ ಕಲ್ಲಿನ ಕಟ್ಟೆಯ ಮೇಲೆ ಬಿದ್ದು ಎಡತೊಡೆಯ ಮೂಳೆ ಮುರಿಯಿತು. ಲತೀಫಾ ಸಡಕಿಗೆ ಓಡಿ ಕಲಬುರಗಿಯ ಮೋಟಾರಿಗೆ ಅಡ್ಡ ನಿಂತಳು. ಡ್ರೈವರನು, ಈ ಮುದುಕ ನಿನಗೇನಾಗಬೇಕು ಎಂದು ಕೇಳಿದ್ದಕ್ಕೆ, “ತೋಟದ ಪಾಲುದಾರ. ಮೂರು ಮಂದಿ ಟಿಕೀಟ ಹರಿ, ಕಾಲು ಚಾಚಿ ಮಲಗ್ತಾನ” ಎಂದಳು. ಇಪ್ಪತ್ತಮೂರು ಮೈಲು ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮೋಟಾರು ಕುಣಿದಾಗಲೆಲ್ಲ ಡ್ರೈವರನಿಗೆ ಬೈಯುತ್ತ ಬಂದಳು.

ಆಸ್ಪತ್ರೆಯಲ್ಲಿ ಆಕೆ, ನಾನು ಎದ್ದು ನಡೆಯುವ ತನಕ ನನ್ನ ಪಾಲಿನ ಗೊನೆಯನ್ನೂ ತಾನೇ ಕಟ್ಟುವುದಾಗಿ ಹೇಳಿದಳು. ನಾನು ಒಪ್ಪಲಿಲ್ಲ. ನನ್ನ ಪಾಲನ್ನು ನನ್ನ ನೆಲವೇ ಕಟ್ಟುತ್ತದೆ, ನೀನು ನೀರು ಬಿಟ್ಟು ಗೊನೆ ಕಡಿದು ಕೊಟ್ಟರೆ ಸಾಕು, ನಿನ್ನ ಗೊನೆ ಒಂದೂ ಮುಟ್ಟುವುದಿಲ್ಲ ಎಂದೆ. ಅದಕ್ಕೆ ಆಕೆ, “ಹ್ಞಾಂ, ನಿಮ್ಮ ನೆಲಕ್ಕೂ ಸೊಕ್ಕು ಭಾಳ ಅದ, ಮಾಲಕನ ಹಂಗ” ಎಂದಳು. ಆದರೆ ಒಪ್ಪಿದಳು. ಯುಗಾದಿಯ ಇಪ್ಪತ್ತು ಗೊನೆ ನನ್ನ ನೆಲದ್ದೇ ಹೋದವು. ಮಿಕ್ಕಿದ್ದನ್ನು ಮಾರಿ ಬಂದ ಹಣವನ್ನು ಮಗಳ ಮನೆಗೆ ತಂದು ಕೊಟ್ಟಳು. ಶ್ರಾವಣದಲ್ಲಿ ಹಣ ಬರಲಿಲ್ಲ. ಈ ಸಲ ಗೊನೆ ಕಡಿಮೆ ಬಂದಾವ, ಅಡವಿನ ಇಪ್ಪತ್ತಕ್ಕೇ ಸರಿಹೋದವು ಎಂದು ಹೇಳಿ ಕಳಿಸಿದಳು. ನಾನು ನಂಬಿದೆ. ಹಾಸಿಗೆಯಲ್ಲಿ ಬಿದ್ದವನಿಗೆ ಅಡವು ತಪ್ಪಲಿಲ್ಲ ಎಂಬುದೇ ದೊಡ್ಡ ಸಮಾಧಾನವಾಗಿತ್ತು.

ನನ್ನ ಅಳಿಯ ತುಕಾರಾಮ ಕಲಬುರಗಿಯ ಒಂದು ಬಟ್ಟೆ ಅಂಗಡಿಯಲ್ಲಿ ಗುಮಾಸ್ತ. ಒಂದು ವರ್ಷದಿಂದ ನನಗೆ ಅನ್ನ ಹಾಕಿದ್ದಾನೆ, ಎತ್ತಿ ಕೂಡಿಸಿದ್ದಾನೆ, ಒಂದು ದಿನವೂ ಮುಖ ಸಿಂಡರಿಸಿಲ್ಲ. ಇದನ್ನು ಮುಂದಿನ ಮಾತಿಗೆ ಮೊದಲೇ ಬರೆದಿಡುತ್ತೇನೆ. ನಿನ್ನೆ ಶುಕ್ರವಾರ ಅಂಗಡಿಯ ಬಾಕಿ ವಸೂಲಿಗೆಂದು ಕಮಲಾಪುರಕ್ಕೆ ಬಂದವನು ಸಂಜೆ ನಾಲ್ಕಕ್ಕೆ ತೋಟದ ಮುಂದೆ ಸಡಕಿನಲ್ಲಿ ಲತೀಫಾಳ ಬಂಡಿಯನ್ನು ಕಂಡ. ಆಕೆ ಗೊನೆಗಳಿಗೆ ಸುಣ್ಣದ ಮೂರು ಗೆರೆ ಎಳೆಯುತ್ತಿದ್ದಳು. ಮಾವನ ಪಾಲಿನ ಉಳಿದ ಗೊನೆ ಎಲ್ಲಿ, ಶ್ರಾವಣದ ಹಣ ಎಲ್ಲಿ ಎಂದು ಈತ ಕೇಳಿದ. ಆಕೆ ತಲೆ ಎತ್ತದೆ, “ಜಮಾಯಿ ರಾಜಾ, ನೀವು ಬಟ್ಟಿ ಅಳೀರಿ. ಬಾಳಿ ನಾ ನೋಡ್ಕೋತೀನಿ” ಎಂದಳಂತೆ. ಈತನಿಗೆ ಸಿಟ್ಟು ಬಂತು. ನೇರ ಈ ಠಾಣೆಗೆ ಬಂದು, ಮಾವ ಹಾಸಿಗೆ ಹಿಡಿದ ಮೇಲೆ ಪಾಲುದಾರಳು ಆತನ ಬೆಳೆ ಕದ್ದು ಮಾರಿಕೊಳ್ಳುತ್ತಿದ್ದಾಳೆ ಎಂದು ಫಿರ್ಯಾದು ಕೊಟ್ಟ. ಠಾಣೆಯವರು ಗೊನೆಯ ಸಮೇತ ಬಂಡಿಯನ್ನು ಅಂಗಳದಲ್ಲಿ ನಿಲ್ಲಿಸಿಕೊಂಡು, ಆಕೆ ಹೆಂಗಸಾದ್ದರಿಂದ ಮನೆಗೆ ಹೋಗಿ ಮರುದಿನ ಹಾಜರಾಗಲು ಹೇಳಿದರು.

ತುಕಾರಾಮ ಮನೆಗೆ ಬಂದು ಊಟದ ಹೊತ್ತಿಗೆ ಇದನ್ನು ಹೇಳಿದ. ಲತೀಫಾ ಕದಿಯುವವಳಲ್ಲ ಎಂದೆ. ಅವನು, “ಮಾವಾ, ನೀವು ಎಲ್ಲಾರನ್ನೂ ನಿಮ್ಮಂಗ ತಿಳೀತೀರಿ. ಲೆಕ್ಕ ಕೇಳಿದರ ಬಾಯಿ ಬಿಡಲಿಲ್ಲ ಆಕಿ” ಎಂದ. ಈ ಕಾಲದಲ್ಲಿ, ದಿಕ್ಕಿಲ್ಲದ ಒಬ್ಬ ಹೆಂಗಸಿನ ಮೇಲೆ, ಅದರಲ್ಲೂ ಲತೀಫಾ ಎಂಬ ಹೆಸರಿನವಳ ಮೇಲೆ ಕಳವಿನ ಮಾತು ಬಿದ್ದರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದು ಅವನಿಗಿಂತ ನನಗೆ ಹೆಚ್ಚು ಗೊತ್ತು. ಬೆಳಗಿನ ಎಂಟರ ಮೋಟಾರಿಗೆ ನನ್ನನ್ನು ಹತ್ತಿಸು, ಇಲ್ಲದಿದ್ದರೆ ತೆವಳಿಕೊಂಡು ಹೋಗುತ್ತೇನೆ ಎಂದೆ. ಹತ್ತಿಸಿದ. ತಾನೂ ಬಂದ.

ಹತ್ತು ಗಂಟೆ ಸುಮಾರಿಗೆ ತೋಟದ ಹತ್ತಿರ ಮೋಟಾರು ನಿಲ್ಲಿಸಿ ಇಳಿದೆವು. ಎರಡು ಕೋಲು ಊರಿಕೊಂಡು ಅಂಚಿನ ಹುಣಸೆಮರದ ಸಾಲು ದಾಟಿ, ಲತೀಫಾಳ ಪಾಲು ಹಾದು, ನನ್ನ ಪಾಲಿಗೆ ಹೋದೆ. ಅಲ್ಲಿ ಬಾಳೆ ಇರಲಿಲ್ಲ. ಹಳೆಯ ಗಿಡ ಒಂದೂ ಇರಲಿಲ್ಲ. ಆ ಜಾಗದಲ್ಲಿ ಸೊಂಟದೆತ್ತರದ ಹೊಸ ಕಂದುಗಳು ಸಾಲು ಹಿಡಿದು ನಿಂತಿದ್ದವು, ಬುಡಬುಡಕ್ಕೆ ಪಾತಿ, ಪಾತಿಯಲ್ಲಿ ಹಸಿ ಮಣ್ಣು. ಇಂದು ಬೆಳಿಗ್ಗೆಯೂ ಯಾರೋ ನೀರು ಬಿಟ್ಟಿದ್ದರು. ನಾನು ಅಲ್ಲೇ ಬದುವಿನ ಮೇಲೆ ಕುಳಿತೆ.

ಪಕ್ಕದ ಹೊಲದ ನಬಿಸಾಬ್ ನಮ್ಮನ್ನು ಕಂಡು ಬಂದ. ಆತ ಹೇಳಿದ್ದು: “ವೈಶಾಖದಾಗ ಗಾಳಿ ಬಂತು ನೋಡ್ರಿ. ಆಕಿ ಕಡಿಗೆ ಹುಣಸಿಮರ ಅಡ್ಡ ಅವ, ಬಚಾವಾದವು. ನಿಮ್ಮ ಕಡಿಗಿನವು ಒಂದೂ ನಿಲ್ಲಲಿಲ್ಲ. ಬಿದ್ದದ್ದೆಲ್ಲಾ ಆಕಿನೇ ಹೊತ್ತು ಹಾಕಿ ಹೊಸಾ ಕಂದು ನಟ್ಟಾಳ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ನನ್ನ ಕಡಿಂದ ಕಸಮ್ ತಗೊಂಡಿದ್ದಳು. ಹೋತು, ಆ ಆಣಿ ಮುರದಂಗಾತು.” ಕೆಂಬಾಳೆ ನೆಟ್ಟ ಮೇಲೆ ಗೊನೆ ಕೈಗೆ ಬರಲು ಒಂದೂವರೆ ವರ್ಷ ಬೇಕು. ಅಂದರೆ ಶ್ರಾವಣದಲ್ಲಾಗಲಿ ಈಗಾಗಲಿ ನನ್ನ ಪಾಲಿನಲ್ಲಿ ಕದಿಯಲು ಒಂದು ಕಾಯಿಯೂ ಇರಲಿಲ್ಲ. ನನ್ನ ಗುರುತು ಹೊತ್ತು ಹೋದವೆಲ್ಲ ಲತೀಫಾಳ ಗಿಡದವು. ಅವು ಹೋಗದಿದ್ದರೆ ಶ್ರಾವಣ ಒಂದು, ದೀಪಾವಳಿ ಎರಡು, ಎರಡು ಸಲ ತಪ್ಪಿ ನನ್ನ ಅರ್ಧ ತೋಟ ಈ ವಾರವೇ ಕೈಬಿಡುತ್ತಿತ್ತು.

ತುಕಾರಾಮ ಹೊಸ ಕಂದುಗಳ ಸಾಲನ್ನು ಕಡೆಯ ತನಕ ನಡೆದು ನೋಡಿ ಬಂದ. ಆಮೇಲೆ, “ಮಾವಾ, ನಾ ಬಂಡಿ ನೋಡಿದೆ, ಒಳಗ ಬಂದು ತೋಟ ನೋಡಲಿಲ್ಲ” ಎಂದ. ನಬಿಸಾಬನ ಬಂಡಿಯಲ್ಲಿ ನನ್ನನ್ನು ಅವನೇ ಎತ್ತಿ ಕೂಡಿಸಿ ಠಾಣೆಗೆ ಕರೆತಂದ.

ಠಾಣೆಯ ಅಂಗಳದಲ್ಲಿ ಲತೀಫಾ ತನ್ನ ಎತ್ತುಗಳಿಗೆ ಮೇವು ಹಾಕುತ್ತಿದ್ದಳು. ನನ್ನನ್ನು ಕಂಡು, “ಬಂದ್ರಾ? ಮುರಿದ ಕಾಲು ಮನ್ಯಾಗ ಇಟ್ಕೊಂಡು ಕೂಡಬಾರದಾ?” ಎಂದಳು. ಜಮೇದಾರರು ನನಗೆ ಸ್ಟೂಲು ಕೊಟ್ಟರು. ಅಮೀನ ಸಾಹೇಬರು ನಮ್ಮಿಬ್ಬರನ್ನೂ ಎದುರಿಗೆ ಕರೆದು, ಈ ಗೊನೆ ಯಾರವು ಎಂದು ಕೇಳಿದರು.

ಲತೀಫಾ, “ದತ್ತಣ್ಣಂದು. ಗುರುತು ಕಾಣ್ಸಲಿಲ್ಲೇನ್ರಿ ಸಾಹೇಬ್?” ಎಂದಳು. ಹಾಗಾದರೆ ಆತನ ಉಳಿದ ಬೆಳೆ ಎಲ್ಲಿ ಎಂದು ಸಾಹೇಬರು ಕೇಳಿದ್ದಕ್ಕೆ, “ನಾನೇ ತಿಂದೀನಿ ಅಂತ ಬರಕೋರಿ. ನೋಡ್ರಿ, ಹೆಂಗ ದಪ್ಪ ಆಗೀನಿ” ಎಂದಳು. ಆಕೆ ಕಡ್ಡಿಯಂತೆ ಇದ್ದಾಳೆ. ಜಮೇದಾರರು ನಕ್ಕರು.

ನಾನು, ಈ ಗೊನೆ ನನ್ನವಲ್ಲ, ನಾನು ತೋಟ ನೋಡಿ ಬಂದೆ ಎಂದೆ. ಆಕೆ ನಬಿಸಾಬನ ಕಡೆ ತಿರುಗಿ, “ನಿಮ್ಮ ಬಾಯಿಗೆ ಬಾಗಿಲು ಇಲ್ಲೇನ್ರಿ ಚಾಚಾ?” ಎಂದು ಕೇಳಿದಳು. ಅಮೀನ ಸಾಹೇಬರು ತಿಳಿಸಿ ಹೇಳಿದ್ದು ಹೀಗೆ: ಗೊನೆ ದತ್ತಪ್ಪನವಾದರೆ ಕಳವಿನ ಕೇಸು ಹಾಗೇ ಉಳಿಯುತ್ತದೆ. ಲತೀಫಾಳವಾದರೆ ಕೇಸಿಲ್ಲ, ಆದರೆ ಅವನ್ನು ಆಕೆಗೇ ತಿರುಗಿ ಕೊಡಬೇಕು, ಆಗ ದತ್ತಪ್ಪನ ಅಡವಿಗೆ ಏನೂ ಹೋದಂತಾಗುವುದಿಲ್ಲ. ನಾನು, ಆಕೆಯವೇ ಎಂದು ಬರೆದುಕೊಳ್ಳಿರಿ, ತೋಟ ಹೋದರೂ ಹೋಗಲಿ ಎಂದೆ.

ಅದಕ್ಕೆ ಲತೀಫಾಳಿಗೆ ನಿಜವಾದ ಸಿಟ್ಟು ಬಂತು. “ಹೋಗ್ಲಿ ಅಂತಾರ ನೋಡ್ರಿ! ಅರ್ಧ ತೋಟ ಸಾಹುಕಾರಂದಾದ್ರ ನಾ ಯಾರ ಜೋಡಿ ಜಗಳಾಡ್ಲಿ? ನಮ್ಮ ಮನಿಯವರು ತೀರಿಕೊಂಡ ವರ್ಷ ನಾಲ್ಕು ತಿಂಗಳು ನಾ ಬಾಗಿಲು ದಾಟಲಿಲ್ಲ. ಆವಾಗ ನಮ್ಮ ಪಾಲಿಗೆ ನೀರು ಬಿಟ್ಟವರು ಯಾರು? ಹೇಳ್ದೆ ಕೇಳ್ದೆ ಬಿಟ್ರಲ್ಲ? ನೀವು ಮಾಡಿದ್ರ ಧರ್ಮ, ನಾ ಮಾಡಿದ್ರ ಕಳವು? ನೀವು ಒಲ್ಲೆ ಅಂತೀರಿ ಅಂತಾನೇ ಹೇಳಲಿಲ್ಲ. ಸಾಹೇಬ್, ಗೊನಿ ನನ್ನವು ಇದ್ದವು. ಸುಣ್ಣಾ ಹಚ್ಚಿದ ಮ್ಯಾಲೆ ಅವರವು. ಕೊಟ್ಟೀನಿ. ಮುಗೀತು” ಎಂದಳು.

ಸಾಹೇಬರು ನನ್ನನ್ನು ನೋಡಿ, ಕೊಟ್ಟೆ ಅಂದರಷ್ಟೇ ಆಗದು, ತಗೊಂಡೆ ಎಂದು ನೀವೂ ಹೇಳಬೇಕು ಎಂದರು. ನಾನು ನೀರು ಕೇಳಿದೆ. ಕುಡಿದು, ತಗೊಂಡೆ ಎಂದೆ.

ಕಾರಣ, ಯಾರ ಬಲವಂತವೂ ಇಲ್ಲದೆ ಬರೆದು ಕೊಡುವುದೇನೆಂದರೆ, ಶ್ರಾವಣದ ಇಪ್ಪತ್ತು ಗೊನೆಯನ್ನೂ ಅಂಗಳದ ಬಂಡಿಯಲ್ಲಿರುವ ಇಪ್ಪತ್ತು ಗೊನೆಯನ್ನೂ ಲತೀಫಾ ತನ್ನ ಸ್ವಂತ ಗಿಡದಿಂದ ನನಗೆ ಕೊಟ್ಟಿದ್ದಾಳೆ, ನಾನು ಸಂತೋಷದಿಂದ ತಗೊಂಡಿದ್ದೇನೆ. ನನ್ನ ಪಾಲು ಫಲ ಕೊಡುವ ತನಕ ಆಕೆ ಕೊಡುವುದನ್ನೂ ತಗೊಳ್ಳುತ್ತೇನೆ. ಕೂತು ಮಾಡುವ ಕೆಲಸ, ಹಗ್ಗ ಹೊಸೆಯುವುದು, ಹಣ್ಣು ಕಾಯುವುದು, ಇಬ್ಬರದೂ ನಾನೇ ಮಾಡುತ್ತೇನೆ. ಆಕೆಯ ಮೇಲೆ ಯಾವ ಕೇಸೂ ನಡೆಸಬಾರದು. ತುಕಾರಾಮ ಫಿರ್ಯಾದನ್ನು ಹಿಂದಕ್ಕೆ ತಗೊಂಡು ಆಕೆಯ ಮುಂದೆ ಕೈ ಮುಗಿದಿದ್ದಾನೆ. ಅವನು ನನ್ನ ಮೇಲಿನ ಕಳಕಳಿಯಿಂದ ಮಾಡಿದ್ದು, ಅವನ ಮೇಲೂ ಏನೂ ನಡೆಸಬಾರದೆಂದು ವಿನಂತಿ. ಬಂಡಿ ಮೂರು ಗಂಟೆಯೊಳಗೆ ಹೊರಟರೆ ನಾಳೆ ಬೆಳಿಗ್ಗೆ ಕಲಬುರಗಿ ಮುಟ್ಟುತ್ತದೆ. ನಾನೂ ಅದರಲ್ಲೇ ಹೋಗಿ, ನನ್ನ ಗಿಡ ಬಿದ್ದ ಸಂಗತಿಯನ್ನೂ ಇವು ಯಾರ ಗಿಡದವು ಎಂಬುದನ್ನೂ ಸಾಹುಕಾರರಿಗೆ ಬಾಯಾರೆ ಹೇಳಿ ಒಪ್ಪಿಸುವವನಿದ್ದೇನೆ.

ಇಲ್ಲಿ ಬರೆದಿರುವುದು ನಾನು ಕಂಡದ್ದು, ಕೇಳಿದ್ದು. ನಬಿಸಾಬ್ ಹೇಳಿದ್ದನ್ನು ಆತನ ಮಾತೆಂದೇ ಬರೆದಿದ್ದೇನೆ. ಎಲ್ಲರೆದುರು ಗಟ್ಟಿಯಾಗಿ ಓದಿ ತೋರಿಸಿದ್ದೇನೆ. ಎಲ್ಲವೂ ಸತ್ಯ. ನಾನು ಮತ್ತು ನನ್ನ ಮಕ್ಕಳು ಲತೀಫಾಳಿಗೆ ಋಣಿಗಳು. ಈ ಕಡೆಯ ಮಾತು ಜಾಸ್ತಿಯಾಯಿತು, ಹೊಡೆದು ಹಾಕಿರಿ ಎಂದು ಆಕೆ ಹೇಳುತ್ತಿದ್ದಾಳೆ. ಹೊಡೆದು ಹಾಕಿಲ್ಲ.

ಸ್ಥಳ: ಕಮಲಾಪುರ ಠಾಣೆ
ತಾರೀಖು: 27-10-1951, ಮಧ್ಯಾಹ್ನ ಎರಡು ಗಂಟೆ

ರುಜು: ದತ್ತಪ್ಪ ತಂದೆ ಮಲ್ಲಣ್ಣ

ಓದಿಸಿ ಕೇಳಿದವರು: ಲತೀಫಾ ಗಂಡ ಜಹೀರುದ್ದೀನ್, ಎಡಗೈ ಹೆಬ್ಬೆಟ್ಟು
ಸಾಕ್ಷಿ: ನಬಿಸಾಬ್, ಎಡಗೈ ಹೆಬ್ಬೆಟ್ಟು, ತುಕಾರಾಮ, ರುಜು