ಬಲ್ಬಿನ ಕೆಳಗೆ ಬಟ್ಟಲು

...ಅಲ್ಲ, ನಾನು ನಿಜ ಹೇಳಿದ್ದು ಅದೊಂದೇ ಸಾರಿ ಕಣ್ರೋ, ಅದನ್ನೇ ಯಾರೂ ನಂಬಲಿಲ್ಲ ನೋಡಿ. ಲೈಟ್ ಆರಿಸಬೇಡಿ ಅಂದೆ. ಅಷ್ಟೇ ಹೇಳಿದ್ದು. ಈಗ ಕರೆಂಟ್ ಹೋಗಿದ್ದೇ ತಡ, ಈ ಚಿನ್ನಿ ಓಡಿಹೋಗಿ ಮನೇಲಿರೋ ಸ್ವಿಚ್ಚೆಲ್ಲ ಆಫ್ ಮಾಡಿ ಬಂದಳಲ್ಲ, ನಿಮ್ಮ ದೊಡ್ಡಮ್ಮ ಅಡುಗೆಮನೆಯಿಂದಲೇ ಶಭಾಷ್ ಅಂದಳಲ್ಲ, ಆಗಲೂ ಹಾಗೇನೇ. ಲೈಟ್ ಆರಿಸೋದು ಅಂದ್ರೆ ಒಳ್ಳೇ ಮಕ್ಕಳ ಲಕ್ಷಣ. ಆರಿಸಬೇಡಿ ಅನ್ನೋನು ಹುಚ್ಚ ಆಗಿರಬೇಕು, ಇಲ್ಲ ನಾನಾಗಿರಬೇಕು. ಕೂತ್ಕೊಳ್ಳಿ, ಶಿವಮೊಗ್ಗದ ಈ ದುರ್ಗಿಗುಡಿ ಬೀದಿಗೆ ಕರೆಂಟ್ ಬರೋದ್ರೊಳಗೆ ಹೇಳಿ ಮುಗಿಸ್ತೀನಿ. ಪುಟ್ಟ, ಆ ಮೊಬೈಲ್ ಟಾರ್ಚ್ ಮುಖಕ್ಕೆ ಬಿಡಬೇಡ ಮಾರಾಯ, ಕತ್ತಲಲ್ಲೇ ನಾನು ಚೆಂದ ಕಾಣೋದು.

ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಕಷ್ಟ ಅಂದ್ರೆ ನಿಮ್ಮ ಥರ ವೈಫೈ ಬರಲಿಲ್ಲ ಅನ್ನೋ ಕಷ್ಟ ಅಲ್ಲ. ಇದ್ದದ್ದು ಒಂದೇ ಪ್ಯಾಂಟು. ಸಂಜೆ ಒಗೆದು ಹಿಂಡಿ ಹಾಕೋದು, ಬೆಳಿಗ್ಗೆ ಅಮ್ಮನ ಇದ್ದಿಲು ಇಸ್ತ್ರಿಪೆಟ್ಟಿಗೇಲಿ ಒಣಗಿಸಿ ಏರಿಸೋದು. ಮಳೆಗಾಲದಲ್ಲಿ ಅದೂ ಒಣಗ್ತಿರಲಿಲ್ಲ, ನಾನು ಎದ್ದ ಬಸ್ ಸೀಟನ್ನ ಜನ ಒಂಥರಾ ನೋಡೋರು. ಐಟಿಐ ಮುಗಿಸಿ ಒಂದು ರೇಡಿಯೋ ಅಂಗಡಿಗೆ ಸೇರಿದ್ದೆ. ರಿಪೇರಿಗೆ ಬಂದ ರೇಡಿಯೋ ಹಿಂದೆ ಕೂತು ನಾನೇ ವಾರ್ತೆ ಓದಿದೆ. ಆ ವಾರ್ತೇಲಿ ನಮ್ಮ ಸಾಹುಕಾರರಿಗೆ ಎರಡನೇ ಮದುವೆ ನಿಶ್ಚಯ ಆಯ್ತು. ಅವರ ಹೆಂಡತಿ ಅಲ್ಲೇ ಊಟದ ಡಬ್ಬಿ ಹಿಡಿದು ನಿಂತಿದ್ರು. ಅಲ್ಲಿಗೆ ಆ ಕೆಲಸ ಮುಗೀತು. ಆಮೇಲೆ ಪಂಪ್‌ಸೆಟ್ ಅಂಗಡಿ, ಅದೂ ಹಾಗೇ ಹೋಯ್ತು. ಅಪ್ಪ ಗಾಂಧಿ ಬಜಾರಲ್ಲಿ ಬಟ್ಟೆ ಅಂಗಡೀಲಿದ್ರು, ಗೊತ್ತಲ್ಲ. ಅವರು ಕೂಗಾಡೋ ಮನುಷ್ಯ ಅಲ್ಲ. ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ್ರು, "ಇನ್ನೊಂದು ಕಡೆಯಿಂದ ವಾಪಸ್ ಬಂದ್ಯೋ, ಮಾರನೇ ದಿನ ನನ್ನ ಪಕ್ಕ ಕೂತು ಸೀರೆ ಮಡಚ್ತೀಯ." ಜೀವಮಾನ ಪೂರ್ತಿ ಚಕ್ಕಂಬಕ್ಕಳ ಹಾಕ್ಕೊಂಡು, ಹೆಂಗಸರು ಬಿಚ್ಚಿಸಿದ್ದನ್ನ ಮಡಚೋದು, ಮಡಚಿದ್ದನ್ನ ಬಿಚ್ಚೋದು! ನನ್ನಂಥೋನಿಗೆ ಅದಕ್ಕಿಂತ ಜೈಲೇ ವಾಸಿ.

ಹೀಗಿರುವಾಗ ಭದ್ರಾವತೀಲಿ ಮುರುಗೇಶಣ್ಣನ ಶೆಡ್ಡಿಗೆ ಸೇರಿದೆ. ಸುಟ್ಟ ಮೋಟಾರು, ಸುಟ್ಟ ಟಿಸಿ ಎಲ್ಲ ಅಲ್ಲಿಗೆ ಬರೋವು. ಟಿಸಿ ಅಂದ್ರೆ ಟ್ರಾನ್ಸ್‌ಫಾರ್ಮರ್ ಕಣ್ರೋ, ರೈಲಿನ ಟಿಸಿ ಅಲ್ಲ. ಬಿಚ್ಚೋದು, ಕರಿ ಎಣ್ಣೆ ಬಸಿಯೋದು, ಸುಟ್ಟ ತಾಮ್ರದ ತಂತಿ ಕಿತ್ತು ಹೊಸ ತಂತಿ ಸುತ್ತೋದು, ವಾರ್ನಿಶ್ ಕುಡಿಸಿ ಒಣಗಿಸೋದು. ಮುರುಗೇಶಣ್ಣನ ಮಾತು ಅರ್ಧ ಕನ್ನಡ, ಅರ್ಧ ತಮಿಳು, ಬೈಗುಳ ಮಾತ್ರ ಪೂರ್ತಿ. ನನ್ನ ಗ್ರಹಚಾರ, ಸೇರಿದ ಹೊಸದರಲ್ಲೇ ಒಬ್ಬ ರೈತ ಹೊಸದಾಗಿ ಸುತ್ತಿದ ಮೋಟಾರು ತಗೊಂಡು ಹೊರಟ. ನಾನು ಗಂಭೀರವಾಗಿ, "ಯಜಮಾನ್ರೇ, ಹೊಸಾ ವೈಂಡಿಂಗು, ಬಾಣಂತಿ ಇದ್ದಂಗೆ. ಗಾಳಿ ತಾಗಬಾರದು, ಕಂಬಳಿ ಹೊದಿಸಿ ಓಡಿಸಿ" ಅಂದೆ. ತಮಾಷೆಗೆ ಅಂದದ್ದಪ್ಪ! ಅವನು ಎರಡು ಕಂಬಳಿ ಹೊದಿಸಿದ. ಮೋಟಾರು ಬೆಂದು ವಾಪಸ್ ಬಂತು, ಕಂಬಳಿ ಸಮೇತ. ಮುರುಗೇಶಣ್ಣ ಕಂಬಳಿ ತೂತಿನಿಂದ ನನ್ನನ್ನೇ ನೋಡ್ತಾ ಅಂದ, "ಡೇ ನಾಗಾ, ನಿನ್ನ ಬಾಯಿಂದ ಇನ್ನೊಂದು ಐಟಮ್ ಸುಟ್ಟುಹೋಗ್ಲಿ, ಟಿಫನ್ ಕ್ಯಾರಿಯರ್ ಎತ್ಕೊಂಡು ಶಿವಮೊಗ್ಗ ಬಸ್ ಹತ್ತು. ತಿರುಗಿ ನೋಡ್ಬೇಡಪ್ಪಾ." ನನ್ನ ಕಣ್ಣ ಮುಂದೆ ಸೀರೆ ಬಂತು.

ಆಗ ಬಂದ್ರು ನೋಡಿ ಹಾಲಪ್ಪ. ಅದೇ, ನಿಮ್ಮ ದೊಡ್ಡಮ್ಮನ ಅಪ್ಪ. ಆಗಿನ್ನೂ ನನಗೆ ಮಾವ ಆಗಿರಲಿಲ್ಲ, ಬರೀ ಗಿರಾಕಿ. ಕುಂಸಿಯಿಂದ ಆಚೆ, ಬಸ್ ಇಳಿದು ಸುಮಾರು ನಡೀಬೇಕು, ಗುಡ್ಡದ ಬುಡದಲ್ಲಿ ಒಂಟಿ ಮನೆ. ಭತ್ತ, ಜೋಳ ಬೆಳೆಯೋರು. ಅಲ್ಲಿಗೆ ಲೈನೇ ಹೋಗಿರಲಿಲ್ಲ. "ನಮಗೊಂದು ಹಳೇ ಟಿಸಿ ಇದ್ರೆ ಕೊಡಿ, ಕರೆಂಟ್ ಮಾಡ್ಕೋತೀವಿ" ಅಂದ್ರು, ಹಸು ಇಲ್ಲದೆ ಹಾಲಿನ ಪಾತ್ರೆ ಕೇಳಿದ ಹಾಗೆ. ಮುರುಗೇಶಣ್ಣ ನಗಲಿಲ್ಲ. "ಮನೆ ಹಿಂದೆ ಹಳ್ಳ ಇದೆಯಾ? ಮೇಲಿಂದ ಬೀಳುತ್ತಾ?" ಅಂತ ಕೇಳಿದ. ಬೀಳುತ್ತೆ ಅಂದ್ರು. ಅಷ್ಟೇ, ಅಣ್ಣನಿಗೆ ಹುರುಪು ಹತ್ತಿಬಿಡ್ತು. ಭದ್ರಾವತೀಲಿ ಕಬ್ಬಿಣ ಎರಕ ಹೊಯ್ಯೋ ಕೈಗೆ ಕೊರತೆಯೇ? ಒಂದು ಚಕ್ರ ಮಾಡಿಸಿದ, ಸುತ್ತಲೂ ದೊಡ್ಡ ದೊಡ್ಡ ಸೌಟು ಜೋಡಿಸಿದ ಹಾಗೆ. ಗುಡ್ಡದ ಮೇಲಿಂದ ಪೈಪಲ್ಲಿ ನೀರು ರಭಸವಾಗಿ ಬಂದು ಸೌಟಿಗೆ ಹೊಡೀಬೇಕು, ಚಕ್ರ ತಿರುಗಬೇಕು, ಚಕ್ರಕ್ಕೆ ಕಟ್ಟಿದ ಹಳೇ ಮೋಟಾರು ಉಲ್ಟಾ ಕೆಲಸ ಮಾಡಿ ಕರೆಂಟ್ ಕೊಡಬೇಕು. ಕೊಡ್ತು! ಇಡೀ ಮನೆ ಜಗ್ ಅಂತು, ಹನ್ನೆರಡು ಬಲ್ಬು—

"ಆರು ರೀ!"

ನೋಡಿ, ಒಳಗಿಂದ ನಿಮ್ಮ ದೊಡ್ಡಮ್ಮ. ಆಯ್ತಮ್ಮ, ಆರು. ಆದ್ರೆ ಆ ಕತ್ತಲಲ್ಲಿ ಹನ್ನೆರಡರ ಬೆಳಕು. ಹಾಲಪ್ಪನವರ ತಾಯಿ ಗೌರಜ್ಜಿ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಬಲ್ಬಿನ ಕೆಳಗೆ ನಿಂತು ಮೇಲೆ ನೋಡ್ತಾ, "ಏನೋ ಹುಡುಗಾ, ಇದು ನೀರಿಂದಲೇ ಬಂದದ್ದಾ?" ಅಂದ್ರು. ಅಂಥಾ ಮುಖ ಸಿಕ್ಕಾಗ ನನ್ನ ಬಾಯಿ ಸುಮ್ಮನಿರುತ್ತಾ? "ಹೌದಜ್ಜಿ, ಪೂರ್ತಿ ನೀರು. ಅದಕ್ಕೇ ಸ್ವಲ್ಪ ತೊಟ್ಟಿಕ್ಕುತ್ತೆ. ಬಲ್ಬಿನ ಕೆಳಗೆ ಒಂದೊಂದು ಬಟ್ಟಲು ಇಡಿ" ಅಂದುಬಿಟ್ಟೆ. ಅಜ್ಜಿ ಇಟ್ರು ಕಣ್ರೋ! ಕಂಚಿನ ಬಟ್ಟಲು, ಹಿತ್ತಾಳೆ ಚೊಂಬು, ಕೊನೇದಕ್ಕೆ ಏನೂ ಸಿಗದೆ ಮಗು ಹಾಲು ಕುಡಿಯೋ ಒಳಲೆ. ಮನೆ ತುಂಬ ನಗು. ಅಜ್ಜಿಗೆ ಮೆಲ್ಲಗೆ ಗೊತ್ತಾಯ್ತು. ಮುಖ ಕೆಂಪಾಯ್ತು, ಬಟ್ಟಲೆಲ್ಲ ಎತ್ತಿಟ್ರು.

ಈಗ ಕೇಳಿ. ಹೊರಡೋ ಹೊತ್ತಿಗೆ ಮುರುಗೇಶಣ್ಣ ಹಳ್ಳದ ಹತ್ರ ನಟ್ಟು ಬಿಗಿ ಮಾಡ್ತಾ ಕೂಗಿದ, "ನಾಗಾ, ಮನೆಯವರಿಗೆ ಹೇಳು, ಒಂದು ಲೈಟೂ ಆರಿಸಬಾರದು. ಹಗಲೂ ಉರೀಲಿ." ಯಾಕೆ ಅಂದ್ರೆ ನೀರು ಬರ್ತಾನೇ ಇರುತ್ತೆ, ಚಕ್ರ ತಿರುಗ್ತಾನೇ ಇರುತ್ತೆ. ಲೈಟೇ ಅದಕ್ಕೆ ಭಾರ. ಒಂದು ಆರಿಸಿದ್ರೆ ಚಕ್ರ ಹಗುರಾಗಿ ಜೋರಾಗುತ್ತೆ, ಉಳಿದ ಬಲ್ಬಿಗೆ ಜಾಸ್ತಿ ಕರೆಂಟ್ ನುಗ್ಗಿ ಸುಟ್ಟುಹೋಗುತ್ತೆ. ನೀರು ಬಂದ್ ಮಾಡೋಣ ಅಂದ್ರೆ ಅದರ ತಿರುಪು ಗುಡ್ಡದ ಮೇಲೆ. ನಾನು ಬಂದು, ಕೈ ಕಟ್ಕೊಂಡು, ದೇವರಾಣೆ ಒಂಚೂರೂ ನಗದೆ ಹೇಳಿದೆ, "ಅಜ್ಜಿ, ಲೈಟ್ ಆರಿಸಬಾರದು. ಹಗಲು ಹೊತ್ತಲ್ಲೂ." ಅಜ್ಜಿ ನನ್ನನ್ನ ಕೆಳಗಿಂದ ಮೇಲೆ ನೋಡಿದ್ರು. "ಹ್ಞೂಂ. ಬಟ್ಟಲು ಇಟ್ಟಾಯ್ತಲ್ಲ, ಇನ್ನು ಇದೊಂದು ಬಾಕಿ ಇತ್ತು" ಅಂದು ಒಳಗೆ ಹೋದ್ರು.

ಒಂದು ವಾರ ಆಯ್ತೋ ಇಲ್ಲವೋ, ಹಾಲಪ್ಪ ಶೆಡ್ಡಿಗೆ ಬಂದು ಮೇಜಿನ ಮೇಲೆ ಚೀಲ ಸುರಿದ್ರು. ಹೊಗೆ ಹಿಡಿದ ಬಲ್ಬುಗಳು ಗೋಲಿ ಥರ ಉರುಳಿದ್ವು. "ಫಳ್ ಅಂತ ಮಿಂಚಿ ಹೋಗ್ತವೆ ಮೇಸ್ತ್ರಿ. ಹೊಸದು ಹಾಕಿದ್ರೆ ಅವೂ ಹೋಗ್ತವೆ." ಮುರುಗೇಶಣ್ಣ ಬಲ್ಬು ನೋಡಲಿಲ್ಲ, ನನ್ನನ್ನ ನೋಡಿದ. "ಆರಿಸಬೇಡಿ ಅಂತ ಹೇಳಿದ್ಯಾ? ಇಲ್ಲ ಮತ್ತೆ ಕಂಬಳಿ ಕಥೆಯಾ?" "ಹೇಳಿದೀನಣ್ಣ, ಆಣೆ!" "ನಿನ್ನ ಆಣೆ ಯಾರಿಗೆ ಬೇಕಪ್ಪಾ." ಹಾಲಪ್ಪ ಪಾಪ ಒಳ್ಳೇ ಮನುಷ್ಯ, "ಹೇಳಿದ್ದು ಕೇಳಿದೀನಿ, ನಾನಂತೂ ಆರಿಸಿಲ್ಲ. ಮನೇಲಿ ಎಲ್ಲರನ್ನೂ ಕೇಳಿದೆ, ಯಾರೂ ಮುಟ್ಟಿಲ್ಲವಂತೆ" ಅಂದ್ರು. ಅಲ್ಲಿಗೆ ಇನ್ನೂ ಕೆಟ್ಟುಹೋಯ್ತು. ಯಾರೂ ಮುಟ್ಟಿಲ್ಲ ಅಂದ್ಮೇಲೆ ನಾಗನೇ ವೈರಲ್ಲಿ ಏನೋ ಕಿತಾಪತಿ ಮಾಡಿ ಬಂದಿದಾನೆ ಅಂತ ಅಣ್ಣನ ತಲೇಲಿ ಕೂತುಬಿಡ್ತು. "ನಾಳೆ ಇಬ್ಬರೂ ಹೋಗೋಣ. ಕಾರಣ ಸಿಕ್ಕಿದ್ರೆ ಸರಿ. ಇಲ್ಲಾಂದ್ರೆ ಕ್ಯಾರಿಯರ್ ಜೊತೇಲೇ ತಗೊಂಡು ಬಾ, ಅಲ್ಲಿಂದ ನೇರ ಮನೆಗೆ ಹೋಗೋಕೆ ಅನುಕೂಲ."

ಕ್ಯಾರಿಯರ್ ತಗೊಂಡೇ ಹೋದೆ ಕಣ್ರೋ. ಅಮ್ಮ ಅದರಲ್ಲಿ ಚಿತ್ರಾನ್ನ ಹಾಕಿದ್ರು, ಏನೋ ಹಬ್ಬಕ್ಕೆ ಹೊರಟ ಹಾಗೆ. ಅಲ್ಲಿ ಅಣ್ಣ ವೈರೆಲ್ಲ ತಡಕಿದ, ಏನೂ ಸಿಗಲಿಲ್ಲ. ಹೊಸ ಬಲ್ಬು ಹಾಕಿದ, ಚೆನ್ನಾಗೇ ಉರಿದ್ವು. ಗೌರಜ್ಜಿ ಕಂಬಕ್ಕೆ ಒರಗಿ, "ಬಟ್ಟಲು ಇಡಿಸಿದೋನಿಗೆ ಬಲ್ಬು ಒಡೆಯೋದು ಏನು ದೊಡ್ಡದು" ಅಂತ ಗಾಳಿಗೆ ಹೇಳಿದ ಹಾಗೆ ಹೇಳಿದ್ರು. ನನಗೆ ಅಳು ಬರೋದೊಂದು ಬಾಕಿ. ಬಾವಿಕಟ್ಟೆ ಹತ್ರ ಮುಖ ತೊಳೀತಾ ಇದ್ದೆ. ಆಗ ನನಗೊಂದು ಅದ್ಭುತವಾದ ಐಡಿಯಾ ಹೊಳೀತು—

"ಐಡಿಯಾ ಹೇಳಿದ್ದು ನಾನು!"

ಹೌದೌದು, ಅದೇ ಹೇಳೋಕೆ ಬಂದೆ. ಈ ಶಾರದೆ, ಅದೇ ನಿಮ್ಮ ದೊಡ್ಡಮ್ಮ, ಬಿಂದಿಗೆ ತಗೊಂಡು ಬಂದಳು. ನನ್ನ ಕಡೆ ನೋಡದೇ, ಹಗ್ಗಕ್ಕೆ ಹೇಳೋ ಹಾಗೆ ಹೇಳಿದಳು, "ಊಟ ಆದ್ಮೇಲೆ ಎಲ್ಲರೂ ನಿದ್ದೆ ಮಾಡಿದ ಹಾಗೆ ಮಲಗಿ. ನಮ್ಮಜ್ಜಿ ಮಲಗಲ್ಲ, ಮನೆ ಪೂರ್ತಿ ಒಂದು ಸುತ್ತು ಹಾಕ್ತಾರೆ." ಅಷ್ಟಂದು ಬಿಂದಿಗೆ ಸೊಂಟಕ್ಕಿಟ್ಟು ಹೋದಳು. "ಮೊದಲೇ ಯಾಕೆ ಹೇಳಲಿಲ್ಲ ನೀವು?" ಅಂದೆ ಹಿಂದಿನಿಂದ. "ಅಜ್ಜಿ ಮೇಲೆ ಚಾಡಿ ಹೇಳೋಕಾಗುತ್ತಾ? ನೀವೇ ನೋಡ್ಕೊಳ್ಳಿ." ಆ ನಡಿಗೆ ನೋಡಿ ನನಗೆ ವೋಲ್ಟೇಜ್— ಸರಿ, ಅದು ಬೇಡ, ಒಳಗಿಂದ ಸೌಟು ಬರುತ್ತೆ.

ಮುರುಗೇಶಣ್ಣನ ಕಾಲು ಹಿಡಿದು ಒಪ್ಪಿಸಿದೆ. ಜಗಲಿ ಬಲ್ಬಿಗೆ ವೋಲ್ಟ್ ಮೀಟರ್ ಸಿಕ್ಕಿಸಿ ಪಕ್ಕದಲ್ಲಿಟ್ಕೊಂಡು, ಟವೆಲ್ ಮುಖಕ್ಕೆ ಹೊದ್ದು, ಒಂದು ಕಣ್ಣು ಮಾತ್ರ ಹೊರಗೆ ಬಿಟ್ಟು ಮಲಗಿದ. ನಾನು ಪಕ್ಕದಲ್ಲಿ. ಹಾಲಪ್ಪ ನಟನೆ ಮಾಡೋಕೆ ಹೋಗಿ ನಿಜವಾಗಲೂ ಗೊರಕೆ ಹೊಡೆದ್ರು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಆರು ಲೈಟು. ಸ್ವಲ್ಪ ಹೊತ್ತಿಗೆ ಬೀಗದ ಕೈ ಜಣ್, ಜಣ್. ದೇವರಮನೆ ಕಡೆ ಟಕ್. ಮೀಟರಿನ ಮುಳ್ಳು ಒಂದು ಹಾರಿಕೆ ಹಾರಿತು. ಅಣ್ಣನ ಕಣ್ಣು ದೊಡ್ಡದಾಯ್ತು. ನಡುಮನೆ ಟಕ್. ಹಳ್ಳದ ಕಡೆಯಿಂದ ಚಕ್ರದ ದನಿ ಗುಂಯ್ ಅಂತಿದ್ದದ್ದು ಕುಂಯ್ ಅಂತ ಸಣ್ಣಗಾಯ್ತು. ಜಗಲಿ ಬಲ್ಬು ಬೆಳ್ಳಗೆ, ಇನ್ನೂ ಬೆಳ್ಳಗೆ. ಕೊಟ್ಟಿಗೆ ಟಕ್. ಅಣ್ಣ ಟವೆಲ್ ಎಸೆದು ನೆಗೆದೆದ್ದ, ಗಾಬರೀಲಿ ಅಜ್ಜಿ ಅನ್ನೋದೂ ತಮಿಳಾಯ್ತು, "ಪಾಟೀ! ಬೇಡ ಪಾಟೀ! ಆರಿಸಬೇಡಿ!" ಅಜ್ಜಿ ಬೆಚ್ಚಿಬಿದ್ದು, ಕೈಯಿಟ್ಟಿದ್ದ ಅಡುಗೆಮನೆ ಸ್ವಿಚ್ಚೂ ಟಕ್. ಫಳ್! ಅಣ್ಣನ ತಲೆ ಮೇಲಿದ್ದ ಬಲ್ಬು ಹೋಯ್ತು. ಎಲ್ಲರೂ ಅಜ್ಜೀನ ನೋಡಿದ್ರು. ಅಜ್ಜಿ ಒಂಚೂರೂ ಬಗ್ಗಲಿಲ್ಲ. "ಏನು ಹಂಗೆ ನೋಡೋದು? ಮಟಮಟ ಮಧ್ಯಾಹ್ನ ದೀಪ ಉರಿಸೋಕೆ ನಾವೇನು ಟಾಕೀಸ್ ಇಟ್ಟಿದೀವಾ?"

ನನಗೆ ಕುಣೀಬೇಕು ಅನ್ನಿಸ್ತು. ಕುಣೀಲಿಲ್ಲ. ಅಜ್ಜಿ ಮುಂದೆ ಕೂತು, ಮೂಲೇಲಿದ್ದ ಬೀಸೋ ಕಲ್ಲು ತೋರಿಸಿದೆ. "ಅಜ್ಜಿ, ಕಾಳು ಹಾಕಿ ಬೀಸಿದ್ರೆ ಹೆಂಗೆ?" "ಭಾರವಾಗಿ ನಿಧಾನಕ್ಕೆ ತಿರುಗುತ್ತೆ." "ಕಾಳು ಇಲ್ದೆ ಅದೇ ಜೋರಲ್ಲಿ ಬೀಸಿದ್ರೆ?" "ಬರೀ ಕಲ್ಲು ಬೀಸ್ತಾರೇನೋ? ದಡಬಡ ತಿರುಗಿ ಕಲ್ಲೇ ಹಾಳಾಗುತ್ತೆ." "ಹಳ್ಳದ ಚಕ್ರಾನೂ ಅಷ್ಟೇ. ಈ ಲೈಟುಗಳೇ ಅದರ ಕಾಳು." ಅಜ್ಜಿ ಕಲ್ಲಿನ ಗೂಟ ಹಿಡಿದು ಖಾಲೀಲೇ ಒಂದು ಸುತ್ತು ತಿರುಗಿಸಿ ನೋಡಿದ್ರು. "ಇದನ್ನ ಅವತ್ತೇ ಹೇಳಿದ್ರೆ ಬಾಯಿ ಸವೀತಿತ್ತಾ? ಬಟ್ಟಲು ಇಡಿ ಅನ್ನೋಕೆ ಬರುತ್ತೆ!" ಅಂದು, ಮತ್ತೆ, "ಆದ್ರೂ ಹಗಲು ದೀಪ ನನ್ನ ಕಣ್ಣಿಂದ ನೋಡೋಕಾಗಲ್ಲ. ದೀಪ ಬೇಡದಾಗ ಬೇರೆ ಕಾಳು ಹಾಕ್ರಪ್ಪ" ಅಂದ್ರು. ಮುರುಗೇಶಣ್ಣ ತೊಡೆ ತಟ್ಟಿದ. ಮಹಡಿ ಮೆಟ್ಟಿಲಿಗೆ ಹಾಕ್ತಾರಲ್ಲ, ಆ ಎರಡು ಕಡೆ ಸ್ವಿಚ್ಚು, ಅದನ್ನ ಮುಂದಿನ ಸಾರಿ ತಂದು ಪ್ರತಿ ಲೈಟಿಗೂ ಹಾಕಿದ್ವಿ. ಮೇಲೆ ಒತ್ತಿದ್ರೆ ಲೈಟು, ಕೆಳಗೆ ಒತ್ತಿದ್ರೆ ಅಷ್ಟೇ ಭಾರದ ನೀರು ಕಾಯಿಸೋ ಕಾಯಿಲ್ಲು, ಬಚ್ಚಲಮನೆ ನೀರಿನ ಡ್ರಮ್ಮಲ್ಲಿ. ಚಕ್ರಕ್ಕೆ ಗೊತ್ತೇ ಆಗಲ್ಲ ಯಾವುದು ಅಂತ. "ಆರಿಸಿದ್ದು ಎಲ್ಲೂ ದಂಡ ಆಗಲ್ವಾ?" ಅಂತ ಅಜ್ಜಿ. "ಬಿಸಿನೀರಾಗುತ್ತೆ ಅಜ್ಜಿ." ನಂಬಲಿಲ್ಲ, ನಾನು ಹೇಳಿದ್ದಲ್ಲವಾ. ಆಮೇಲೆ ಡ್ರಮ್ಮಿಗೆ ಬೆರಳು ಅದ್ದಿ ಹಾ ಅಂದ್ರು. ಅವತ್ತಿಂದ ಆ ಮನೇಲಿ ಯಾರೂ ಬೆಳಕಲ್ಲಿ ಊಟ ಮಾಡಿದ್ದಿಲ್ಲ. ಅಜ್ಜಿ ಒಂದೊಂದೇ ಆರಿಸ್ತಾ ಬರೋರು, ನೀರು ಕೊತಕೊತ. ದಿನಕ್ಕೆರಡು ಸ್ನಾನ. ನಾಯಿಗೂ ಸ್ನಾನ, ಎಮ್ಮೆಗೂ ಸ್ನಾನ—

"ಎಮ್ಮೆಗೆ ಇಲ್ಲ ರೀ!"

ಎಮ್ಮೆಗೂ ಆಗಿತ್ತು, ಇವಳಿಗೆ ಮರೆತಿದೆ. ಅಜ್ಜಿ ಸಿಕ್ಕಿಬಿದ್ದ ದಿನ ವಾಪಸ್ ಬರ್ತಾ ಬಸ್ಸಲ್ಲಿ ಮುರುಗೇಶಣ್ಣ ನನ್ನ ಚಿತ್ರಾನ್ನದಲ್ಲಿ ಮುಕ್ಕಾಲು ತಿಂದ. ಖಾಲಿ ಕ್ಯಾರಿಯರ್ ಮುಚ್ಚಿ ನನ್ನ ಕೈಗೆ ಕೊಟ್ಟು, "ನಾಳೆ ಬೇಗ ಬಾ. ಜೋಕೆಲ್ಲ ಮನೇಲಿಟ್ಟು ಬಾ" ಅಂದ. "ಅರ್ಧ ತರಲಾ ಅಣ್ಣ?" ಅಂದೆ. ಕಿಟಕಿ ಕಡೆ ತಿರುಗಿ ನಕ್ಕ ಮಾರಾಯ, ಭುಜ ಅಲ್ಲಾಡ್ತಿತ್ತು. ಮಾರನೇ ದಿನ ಹೋಗೋದ್ರೊಳಗೆ ಒಂದು ದೊಡ್ಡ ಟಿಸಿ ಬಿಚ್ಚಿ ನನ್ನ ಮುಂದೆ ಇಟ್ಟಿದ್ದ, ಪೂರ್ತಿ ನೀನೇ ಸುತ್ತು ಅಂತ. ಸುತ್ತಿ ಸುತ್ತಿ, ಸಂಜೆ ಹೊತ್ತಿಗೆ ಯಾರಿಗೂ ಸುಳ್ಳು ಹೇಳೋಕೆ ನಾಲಿಗೇಲಿ ಶಕ್ತಿನೇ ಇರ್ತಿರಲಿಲ್ಲ. ಅಪ್ಪ ಪಾಪ, ಸೀರೆ ಮಡಚೋಕೆ ಕೊನೇವರೆಗೂ ಒಬ್ಬರೇ ಇದ್ರು. ಆಮೇಲೆ ನನಗೆ ಅರ್ಥ ಆಯ್ತು, ಹಗುರಾಗಿ ತಿರುಗ್ತಿದ್ದದ್ದು ಹಳ್ಳದ ಚಕ್ರ ಒಂದೇ ಅಲ್ಲ. ಜೋರಿರೋದಕ್ಕೆ ಕೈತುಂಬ ಕೆಲಸ ಕೊಟ್ಟುಬಿಡಬೇಕು, ಆಗ ಮನೇಲಿರೋ ಬಲ್ಬು ಉಳೀತವೆ. ಓ, ಬಂತು ನೋಡಿ ಕರೆಂಟು. ಏಳಿ ಮತ್ತೆ, ಏನು ಕೂತಿದೀರಿ? ಪುಟ್ಟ, ಮಹಡಿ ಮೇಲಿನ ಬಟ್ಟೆ ತಗೊಂಡು ಬಾ. ಚಿನ್ನಿ, ನೀನು ಮಡಚು. ನನಗೆ ಮಡಚೋಕೆ ಬರಲ್ಲ.