ಆಫ್ ಆದಾಗಲೇ ತನ್ನಿ

ಸರ್ವೀಸ್ ಸೆಂಟರಿನಲ್ಲಿ ಆಯಿಲ್ ಬದಲಿಸಲು ಕಾರು ಬಿಟ್ಟು ಕೂತಿದ್ದ ಉಮಾವತಿಗೆ ಎದುರಿನ ಸೋಫಾದ ಮಾತು ಕೇಳಿಸುತ್ತಿತ್ತು. ತೊಕ್ಕೊಟ್ಟಿನ ಬೋಟ್ ಮಾಲೀಕ ಚೆನ್ನಪ್ಪ ಮತ್ತು ಅವರ ಹೆಂಡತಿ ದಮಯಂತಿಯ ಎದುರು ಅಡ್ವೈಸರ್ ಶ್ರವಣ್ ಕೀ ಹಿಡಿದು ನಿಂತಿದ್ದ.

“ಸ್ಕ್ಯಾನ್ ಮಾಡಿದ್ದೇವೆ ಸರ್. ಫಾಲ್ಟ್ ಎಂತದೂ ಇಲ್ಲ.”

“ಮತ್ತೆ ನೇತ್ರಾವತಿ ಸೇತುವೆ ಮೇಲೆ ತನ್ನಷ್ಟಕ್ಕೆ ಆಫ್ ಆಗುದು ಎಂತಕ್ಕೆ? ಇವಳ ಡಯಾಲಿಸಿಸ್‌ಗೆಂದೇ ತೆಗೆದ ಕಾರು ಇದು.”

“ಆಫ್ ಆದಾಗಲೇ ತನ್ನಿ ಸರ್. ಆಗ ಗೊತ್ತಾಗ್ತದೆ.”

“ಆಫ್ ಆದದ್ದನ್ನು ಹೇಗೆ ತರುದು ಮಾರಾಯ, ಹೆಗಲಲ್ಲಿ ಹೊತ್ತುಕೊಂಡಾ? ನಮ್ಮ ಬೋಟಿನ ಇಂಜಿನ್ ಹೀಗೆ ಮಾಡಿದರೆ ಮೆಕ್ಯಾನಿಕ್ ನಮ್ಮೊಟ್ಟಿಗೆ ಕಡಲಿಗೇ ಬರ್ತಾನೆ. ನೀನು ಸೇತುವೆವರೆಗಾದರೂ ಬಾ.”

“ಅದಕ್ಕೆ ಪರ್ಮಿಶನ್ ಇಲ್ಲ ಸರ್.”

ಕೀಯನ್ನು ಮೇಜಿನ ಮೇಲಿಟ್ಟು ಶ್ರವಣ್ ಒಳಗೆ ಹೋದ.

“ನಾಳೆ ಫಳ್ನೀರಿನ ಆಸ್ಪತ್ರೆಗೆ ನಾನು ಬಸ್ಸಲ್ಲೇ ಹೋಗ್ತೇನೆ,” ಎಂದರು ದಮಯಂತಿ.

“ಡಯಾಲಿಸಿಸ್ ಮುಗಿಸಿ ಬರುವಾಗ ಸೀಟು ಸಿಗದಿದ್ದರೆ?”

“ಹಿಂದಿನಿಂದ ಲಾರಿ ಬರುವಾಗ ಸೇತುವೆ ಮೇಲೆ ಆಫ್ ಆದ ಕಾರಲ್ಲಿ ಕೂರುದಕ್ಕಿಂತ ಬಸ್ಸಲ್ಲಿ ನಿಲ್ಲುದೇ ಸುಖ.”

“ಈಗ ಮನೆಗಾದರೂ ಕಾರಲ್ಲಿ ಬಾ.”

“ಈಗಲೂ ಬಸ್ಸೇ. ನೀವು ಹಿಂದಿನಿಂದ ಬನ್ನಿ. ಕಾರು ನಿಂತರೆ ಫೋನ್ ಮಾಡಿ.”

ಗಾಜಿನ ಬಾಗಿಲಿನಾಚೆ ದಮಯಂತಿ ಬಸ್‌ಸ್ಟಾಪಿನ ಕಡೆಗೂ ಚೆನ್ನಪ್ಪ ಕಾರಿನ ಕಡೆಗೂ ನಡೆದದ್ದನ್ನು ಉಮಾವತಿ ಕಂಡಳು.