ಬೀಗರ ಉಡುಗೊರೆಗೆ ರಸೀದಿ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಒಂದೂರಲ್ಲಿ ಒಬ್ಬ ತಾಯಿಯ ಅಡುಗೆಮನೆಯಲ್ಲಿ ಕುಕ್ಕರಿನ ಮುಚ್ಚಳ ಹಾರಿ ಸೂರಿಗೆ ಬಡಿಯಿತು. ಬೇಳೆಯೆಲ್ಲ ಗೋಡೆಗೆ. ಆಕೆ ಕರಿಬೇವು ಕೀಳಲು ಹಿತ್ತಿಲಿಗೆ ಹೋಗಿದ್ದಳು, ಬದುಕಿದಳು. ಹೆಸರು ಬೇಡ, ನಿಮ್ಮ ಪಕ್ಕದಲ್ಲೇ ಕೂತಿದ್ದಾರು.

ಆಕೆ ಮೊದಲು ಮಾಡಿದ್ದೇನು? ಅಂಗಡಿಗೆ ಹೋದಳೇ? ಇಲ್ಲ. ದೂರು ಕೊಟ್ಟಳೇ? ಇಲ್ಲ. ಗೋಡೆ ಒರೆಸಿದಳು. ನೋಡಿ, ಒರೆಸುವುದರಲ್ಲಿ ನಾವು ಬಲು ಚುರುಕು.

ಆ ಕುಕ್ಕರ್ ಕೊಟ್ಟವಳು ಮಗಳ ಅತ್ತೆ. ಗೃಹಪ್ರವೇಶದ ದಿನ ಅರಿಶಿನ ಕುಂಕುಮ ಹಚ್ಚಿ ಕೊಟ್ಟದ್ದು. ಬೀಗಿತ್ತಿಯ ಉಡುಗೊರೆಗೆ ಹೆಸರಿಡುವುದುಂಟೇ?

ಗಂಡ ಕುಕ್ಕರನ್ನು ಬೋರಲು ಹಾಕಿ ನೋಡಿದ. ತಳದಲ್ಲಿ ಐಎಸ್‌ಐ ಗುರುತಿತ್ತು. ಅದರ ಕೆಳಗೆ ಇರಬೇಕಾದ ಪರವಾನಗಿ ಸಂಖ್ಯೆ ಇರಲಿಲ್ಲ; ಗುರುತೇ ನಕಲಿ.

"ಅಂಗ್ಡಿಯೋನ್ನ ಕೇಳಣ. ರಸೀದಿ ಎಲ್ಲೈತೆ?"

"ಬೀಗಿತ್ತಿ ಹತ್ರ."

"ಈಸ್ಕೊ ಮತ್ತೆ."

"ಉಡುಗೊರೆಗೆ ರಸೀದಿ ಕೇಳ್ತಾರಾ? ಎಷ್ಟಕ್ಕೆ ತಂದ್ರಿ ಅಂದಂಗಾಯ್ತದೆ. ನನ್ ಮಗಳು ಆ ಮನೇಲಿ ಬಾಳ್ಬೇಕು."

"ಹಂಗಾರೆ ಇನ್ಮೇಲೆ ಹೆಲ್ಮೆಟ್ ಹಾಕ್ಕೊಂಡು ಬೇಳೆ ಬೇಯ್ಸು."

ಕುಕ್ಕರ್ ಅಟ್ಟ ಸೇರಿತು. ನಾಲ್ಕನೆಯ ದಿನ ಬೀಗಿತ್ತಿಯ ಫೋನು.

"ಕುಕ್ಕರ್ ಹೆಂಗೈತೆ ಬೀಗ್ರೇ?"

"ಬಾಳ ಚೆನ್ನಾಗೈತೆ."

ಸುಳ್ಳು. ಪ್ರೀತಿಯಿಂದಲೇ ಹೇಳಿದ ಸುಳ್ಳು.

"ಅದ್ರ ಜೋಡಿ ನನಗೂ ಒಂದ್ ತಂದಿದ್ದೆ. ಇವತ್ತೇ ಒಲೆ ಮೇಲೆ ಇಟ್ಟಿದೀವಿ. ನಿಮ್ಮ ಮಗಳೇ ಮುಂದೆ ನಿಂತವ್ಳೆ."

ಫೋನಿನಲ್ಲಿ ಆವಿಯ ಸದ್ದು ಕೇಳುತ್ತಿತ್ತು. ಈಗ ಮರ್ಯಾದೆ ದೊಡ್ಡದೋ, ಮಗಳು ದೊಡ್ಡವಳೋ?

"ಗ್ಯಾಸ್ ಆರ್ಸಿ. ಮುಚ್ಚಳ ಮುಟ್ಬೇಡಿ. ಇಬ್ರೂ ಹೊರಗೆ ಬನ್ನಿ. ನಮ್ದು ಮೂರ್ ದಿನದ ಹಿಂದೆ ಸಿಡೀತು."

ಗ್ಯಾಸಿನ ಗುಂಡಿ ತಿರುಗಿದ ಸದ್ದು, ಹೊರಗೆ ಓಡುವ ಹೆಜ್ಜೆಗಳ ಸದ್ದು ಕೇಳಿತು.

"ಆರ್ಸಿ ಬಂದ್ವಿ. ಮೂರ್ ದಿನದಿಂದ ಯಾಕ್ರೀ ಹೇಳ್ಲಿಲ್ಲ?"

"ನಿಮಗೆ ಬೇಜಾರಾಯ್ತದೆ ಅಂತ."

"ನಾನು ಸತ್ತಿದ್ರೆ ನಿಮಗೆ ಬೇಜಾರಾಗ್ತಿರ್ಲಿಲ್ವಾ?"

ನೋಡಿ, ನೀವೆಲ್ಲ ನಗುತ್ತೀರಿ. ಆದರೆ ನಿಮ್ಮ ಅಟ್ಟದಲ್ಲಿ ಏನೇನಿದೆ? ಶಾಕ್ ಹೊಡೆದ ಇಸ್ತ್ರಿಪೆಟ್ಟಿಗೆ ಇಲ್ಲವೇ? ಸುಟ್ಟ ಹೀಟರ್ ಇಲ್ಲವೇ? ಹೋಗಲಿ ಬಿಡು ಎಂದು ನೀವು ಅಟ್ಟಕ್ಕೆ ಹಾಕಿದಿರಿ. ಅದರ ಜೋಡಿ ಇನ್ನೊಬ್ಬ ತಾಯಿಯ ಮನೆಯಲ್ಲಿ ಇವತ್ತೂ ಉರಿಯುತ್ತಿದೆ. ನಿಮ್ಮ ಮೌನದ ಪೆಟ್ಟು ಬೀಳುವುದು ಅವಳಿಗೆ.

ಆದ್ದರಿಂದ ಕೊಳ್ಳುವಾಗ ಗುರುತನ್ನಷ್ಟೇ ಅಲ್ಲ, ಅದರ ಕೆಳಗಿನ ಸಂಖ್ಯೆಯನ್ನೂ ನೋಡಿ. ರಸೀದಿ ಕೇಳಿ ಪಡೆಯಿರಿ. ಉಡುಗೊರೆ ಕೊಟ್ಟರೆ ರಸೀದಿಯನ್ನೂ ಜೊತೆಗೇ ಕೊಡಿ. ನಾನು ಕೊಂಡವಳಲ್ಲ ಎಂದು ಹಿಂಜರಿಯಬೇಡಿ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಕಾನೂನಿನ ಕಣ್ಣಿಗೆ ಗ್ರಾಹಕರೇ. ಒಂದು ಒಂಬತ್ತು ಒಂದು ಐದು ಒತ್ತಿದರೆ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಗಡುವಿದೆ, ಆದರೆ ಒಲೆ ಎರಡು ವರ್ಷ ಕಾಯುವುದಿಲ್ಲ.

ಫೋನು ಬಂದ ದಿನ ಮಧ್ಯಾಹ್ನವೇ ಬೀಗಿತ್ತಿ ತನ್ನ ಕುಕ್ಕರ್ ಹೊತ್ತು, ಎರಡರ ರಸೀದಿಯನ್ನೂ ಹಿಡಿದು ಬಸ್ಸಿಳಿದಳು. "ನಿಮಗೆ ಬಳಸೋಕೆ ಬರಲ್ಲ" ಎಂದ ಅಂಗಡಿಯವನ ಎದುರು ಇಬ್ಬರೂ ಒಟ್ಟಿಗೆ ನಿಂತರು; ಅಲ್ಲಿಂದ ನೇರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರು. ಆಯೋಗದ ಆದೇಶದಂತೆ ಅಂಗಡಿಯಲ್ಲಿ ಉಳಿದಿದ್ದ ಹದಿನೇಳು ಕುಕ್ಕರುಗಳ ಮಾರಾಟ ನಿಂತಿತು. ಯುಗಾದಿಗೆ ಬೀಗಿತ್ತಿ ಹೊಸದೊಂದು ಕುಕ್ಕರ್ ತಂದಳು. ತಾಂಬೂಲದ ತಟ್ಟೆಯಲ್ಲಿ, ಎಲೆ ಅಡಿಕೆಯ ಕೆಳಗೆ, ಅದರ ರಸೀದಿ ಇತ್ತು.